ಬಣ್ಣದ ಚರ್ಚೆ ಆಮೇಲೆ, ಮೊದಲು ಮಾಹಿತಿ ತರಿಸುವ ಬಗೆ ನೋಡೋಣ

ಪುಟ ತೆರೆಯದಿದ್ದರೆ ನಾವೆಲ್ಲ ಮೊದಲು ಬೈಯುವುದು ನೆಟ್‌ವರ್ಕನ್ನು. ಸಿಮ್ ಬದಲಿಸು ಎಂದು ಸಲಹೆ ಕೊಡುವವರೂ ಇದ್ದಾರೆ. ಆದರೆ ಎಷ್ಟೋ ಸಲ ತಪ್ಪು ಇರುವುದು ಪುಟದಲ್ಲೇ. ಸರ್ವರ್‌ನಿಂದ ಮಾಹಿತಿಯನ್ನು ಹೇಗೆ ಕೇಳಬೇಕು ಎಂಬುದನ್ನು ಅದನ್ನು ಬರೆದವರು ಯೋಚಿಸಿರುವುದಿಲ್ಲ. ಈ ವರ್ಷ ನಮ್ಮ ಕಂಪ್ಯೂಟರ್ ಸೈನ್ಸ್ ಗೆಳೆಯರು ವೇಳಾಪಟ್ಟಿ, ಹಾಜರಾತಿ, ಕಿರು ಪರೀಕ್ಷೆಯ ಅಂಕ ಮತ್ತು ನೋಟಿಸುಗಳಿಗಾಗಿ ಕಾಲೇಜಿಗೆ ಒಂದು ವೆಬ್ ಪುಟ ಮಾಡಲು ಹೊರಟಿದ್ದಾರೆ. ಹಸಿರು ಬಣ್ಣವೋ ನೀಲಿಯೋ, ಲೋಗೋ ಎಡಕ್ಕೋ ಬಲಕ್ಕೋ ಎಂಬ ಚರ್ಚೆ ಜೋರಾಗಿದೆ. ಮಾಹಿತಿ ತರಿಸಿಕೊಳ್ಳುವ ಬಗೆಯ ಚರ್ಚೆ ಅದಕ್ಕಿಂತ ಮೊದಲು ಆಗಬೇಕು ಎಂಬುದು ನನ್ನ ಅಭಿಪ್ರಾಯ. ನಾನು ಸಿಇಬಿಎ ವಿದ್ಯಾರ್ಥಿನಿ, ಅಕೌಂಟೆನ್ಸಿಯನ್ನೂ ಕಂಪ್ಯೂಟರನ್ನೂ ಓದುವವಳು. ಹಾಗಾಗಿ ಅಂಗಡಿಯ ಲೆಕ್ಕದಲ್ಲೇ ಹೇಳುತ್ತೇನೆ.

ಹಿಂದೆ ವೆಬ್‌ನಲ್ಲಿ ಏನನ್ನು ಒತ್ತಿದರೂ ಇಡೀ ಪುಟ ಹೊಸದಾಗಿ ಬರುತ್ತಿತ್ತು. ಪುಟ ಇದ್ದಲ್ಲೇ ಇದ್ದು, ಬೇಕಾದ ತುಣುಕನ್ನು ಮಾತ್ರ ಹಿನ್ನೆಲೆಯಲ್ಲಿ ತರಿಸಿಕೊಳ್ಳುವ ಪದ್ಧತಿಗೆ 2005ರಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಎಂಬುವರು 'ಏಜಾಕ್ಸ್' ಎಂದು ಹೆಸರಿಟ್ಟರು. ಜಿಮೇಲ್, ಗೂಗಲ್ ಮ್ಯಾಪ್ಸ್ ಆಗಲೇ ಹಾಗೆ ಕೆಲಸ ಮಾಡುತ್ತಿದ್ದವು. ಅನುಕೂಲವಾಯಿತು ನಿಜ, ಆದರೆ ಜವಾಬ್ದಾರಿಯೂ ಜಾಗ ಬದಲಿಸಿತು. ಯಾವುದನ್ನು ಯಾವಾಗ ಕೇಳಬೇಕು, ಎಷ್ಟು ಹೊತ್ತು ಇಟ್ಟುಕೊಳ್ಳಬೇಕು, ಬರದಿದ್ದರೆ ಏನು ಮಾಡಬೇಕು ಎಂಬುದನ್ನೆಲ್ಲ ಈಗ ನಮ್ಮ ಫೋನಿನಲ್ಲಿ ಓಡುವ ಕೋಡ್ ನೋಡಿಕೊಳ್ಳಬೇಕು.

ನಮ್ಮ ಮಾಮೂ ಅವರದು ಕಿರಾಣಿ ಅಂಗಡಿ. ಸಗಟು ಅಂಗಡಿಗೆ ಹೋಗುವ ಹುಡುಗನ ಕೈಗೆ ಅವರು ಒಂದೇ ಚೀಟಿ ಕೊಡುತ್ತಾರೆ. ಬೇಳೆ ತಂದ ಮೇಲೆ ಸಕ್ಕರೆಗೆ, ಸಕ್ಕರೆ ತಂದ ಮೇಲೆ ಎಣ್ಣೆಗೆ ಎಂದು ಓಡಿಸುವುದಿಲ್ಲ. ಅನೇಕ ವೆಬ್ ಪುಟಗಳು ಓಡಿಸುವುದು ಹೀಗೆಯೇ. ಮೊದಲು ವಿದ್ಯಾರ್ಥಿಯ ಹೆಸರು, ಅದು ಬಂದ ಮೇಲೆ ಹಾಜರಾತಿ, ಅದೂ ಬಂದ ಮೇಲೆ ಅಂಕ. ಒಂದೊಂದಕ್ಕೆ ಒಂದು ಸೆಕೆಂಡ್ ಹಿಡಿದರೂ ಮೂರು ಸೆಕೆಂಡ್ ಹೋಯಿತು. ಲಾಗಿನ್ ಆದಾಗಲೇ ರಿಜಿಸ್ಟರ್ ನಂಬರ್ ಗೊತ್ತಿರುತ್ತದಲ್ಲ, ಮೂರನ್ನೂ ಒಟ್ಟಿಗೆ ಕೇಳಲು ಅಡ್ಡಿ ಏನು? ಜಾವಾಸ್ಕ್ರಿಪ್ಟ್‌ನಲ್ಲಿ 'ಪ್ರಾಮಿಸ್ ಆಲ್' ಇರುವುದು ಇದಕ್ಕೇ. ಒಂದು ಕೈಕೊಟ್ಟರೂ ಉಳಿದವು ಬರಲಿ ಎನ್ನುವುದಾದರೆ 'ಆಲ್ ಸೆಟಲ್ಡ್' ಇದೆ.

ಇದಕ್ಕಿಂತ ದೊಡ್ಡ ವಿಷಯ ದಾಸ್ತಾನು. ಗಿರಾಕಿ ಬಂದಾಗಲೆಲ್ಲ ಮಾಮೂ ಸಗಟು ಅಂಗಡಿಗೆ ಓಡಿದರೆ ಅಂಗಡಿ ನಡೆಯುತ್ತದೆಯೇ? ಬೇಳೆಯನ್ನು ತಿಂಗಳಿಗಾಗುವಷ್ಟು ಇಡುತ್ತಾರೆ, ಹಾಲನ್ನು ದಿನವೂ ತರಿಸುತ್ತಾರೆ. ನಮ್ಮ ವೇಳಾಪಟ್ಟಿ ಬೇಳೆಯ ಹಾಗೆ, ನೋಟಿಸು ಹಾಲಿನ ಹಾಗೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಪುಟ ತೆರೆದಾಗಲೆಲ್ಲ ಹೊಸದಾಗಿ ತರಿಸುವುದು ಡೇಟಾಗೂ ದಂಡ, ಸಮಯಕ್ಕೂ ದಂಡ. ನಿನ್ನೆಯ ಪ್ರತಿ ಫೋನಿನಲ್ಲಿದ್ದರೆ ಅದನ್ನು ತಕ್ಷಣ ತೋರಿಸಿ, ಹೊಸದಿದೆಯೇ ಎಂದು ಹಿಂದಿನಿಂದ ಕೇಳಿಕೊಳ್ಳುವ ಒಂದು ಕ್ರಮವಿದೆ. ಇದರ ಹೆಸರು 'ಸ್ಟೇಲ್ ವೈಲ್ ರಿವ್ಯಾಲಿಡೇಟ್'. 2010ರಲ್ಲೇ ಆರ್‌ಎಫ್‌ಸಿ 5861 ಎಂಬ ದಾಖಲೆಯಲ್ಲಿ ಇದನ್ನು ವಿವರಿಸಲಾಗಿದೆ. 'ಎಸ್‌ಡಬ್ಲ್ಯುಆರ್' ಎಂಬ ಲೈಬ್ರರಿಯ ಹೆಸರು ಇದರ ಮೊದಲಕ್ಷರಗಳೇ. 'ಟ್ಯಾನ್‌ಸ್ಟ್ಯಾಕ್ ಕ್ವೆರಿ' ಮಾಡುವುದೂ ಇದೇ ಕೆಲಸ, ಅದೂ ಉಚಿತ. ಸರ್ವರ್‌ನಲ್ಲಿ ಏನೂ ಬದಲಾಗಿಲ್ಲದಿದ್ದರೆ ಅದು 304 ಎಂಬ ಸಂಖ್ಯೆಯ ಉತ್ತರ ಕೊಟ್ಟು ಸುಮ್ಮನಾಗಬಹುದು, ಇಡೀ ಪಟ್ಟಿಯನ್ನು ಮತ್ತೆ ಕಳುಹಿಸಬೇಕಿಲ್ಲ.

ಆದರೆ ಒಂದು ಎಚ್ಚರಿಕೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಫೋನ್ ಒಂದೇ. ಅಕ್ಕನ ಅಂಕಗಳು ಉಳಿದುಕೊಂಡು ತಮ್ಮನ ಲಾಗಿನ್‌ನಲ್ಲಿ ಕಾಣಿಸಬಾರದು. ಲಾಗ್‌ಔಟ್ ಆದ ಕೂಡಲೇ ಆ ದಾಸ್ತಾನು ಖಾಲಿಯಾಗಬೇಕು.

5ಜಿ ಬಂದಿದೆ, ಈಗೇಕೆ ಈ ಜಿಪುಣತನ ಎಂದು ಗೆಳೆಯನೊಬ್ಬ ಕೇಳಿದ. 5ಜಿ ಬಂದಿರುವುದು ನಿಜ. ಆದರೆ ಹಗಲೆಲ್ಲ ಅಬ್ಬಾ ಕೈಯಲ್ಲಿದ್ದು, ಇಶಾ ನಮಾಜಿನ ನಂತರ ಮಕ್ಕಳ ಕೈಗೆ ಬರುವ ಹಳೆಯ 4ಜಿ ಫೋನಿಗೆ ಅದರಿಂದ ಏನು ಲಾಭ? ಅಷ್ಟರಲ್ಲಿ ಆ ದಿನದ ಡೇಟಾ ಮುಗಿಯುತ್ತಾ ಬಂದಿರುತ್ತದೆ. ಬೆಂಗಳೂರಿನ ಫ್ಲಿಪ್‌ಕಾರ್ಟ್ ಕಂಪನಿ 2015ರಲ್ಲಿ 'ಫ್ಲಿಪ್‌ಕಾರ್ಟ್ ಲೈಟ್' ಎಂಬ ವೆಬ್ ಆವೃತ್ತಿ ತಂದದ್ದು ಇಂಥ ಫೋನು, ಇಂಥ ನೆಟ್‌ವರ್ಕುಗಳಿಗಾಗಿಯೇ. ವ್ಯಾಪಾರ ಮಾಡುವವರಿಗೆ ಹೊಳೆದದ್ದು ಕಾಲೇಜಿಗೂ ಹೊಳೆಯಬೇಕು.

ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಪುಟ ಸುಳ್ಳು ಹೇಳಿದಾಗ. ಕಳೆದ ವರ್ಷ ಒಂದು ಸ್ಕಾಲರ್‌ಶಿಪ್ ಅರ್ಜಿ ತುಂಬುವಾಗ, ಆದಾಯ ಪ್ರಮಾಣಪತ್ರದ ನಂಬರ್ ಹಾಕಿ ಮುಂದೆ ಒತ್ತಿದರೆ ಚಕ್ರ ಸುತ್ತುತ್ತಲೇ ಇತ್ತು. ಹೋಯಿತೋ ಇಲ್ಲವೋ ಗೊತ್ತಿಲ್ಲ, ಕೊನೆಯ ದಿನ ಬೇರೆ. ಪುಟವನ್ನು ರಿಫ್ರೆಶ್ ಮಾಡಿದಾಗ ತುಂಬಿದ್ದೆಲ್ಲ ಮಾಯ. ಜಾವಾಸ್ಕ್ರಿಪ್ಟ್‌ನ 'ಫೆಚ್' ಬಗ್ಗೆ ಓದಿದ ಮೇಲೆ ಇಂಥದ್ದಕ್ಕೆ ಕಾರಣ ಏನಿರಬಹುದು ಎಂದು ಅರ್ಥವಾಯಿತು. ಇಷ್ಟು ಹೊತ್ತು ಕಾದು ಬಿಟ್ಟುಬಿಡು ಎಂದು ನಾವು ಹೇಳದಿದ್ದರೆ ಅದು ತಾನಾಗಿ ಗಡುವು ಹಾಕಿಕೊಳ್ಳುವುದಿಲ್ಲ. ಸರ್ವರ್ 500 ಎಂಬ ದೋಷದ ಉತ್ತರ ಕೊಟ್ಟರೂ 'ಫೆಚ್' ಅದನ್ನು ವೈಫಲ್ಯ ಎಂದು ಎಣಿಸುವುದಿಲ್ಲ, ಉತ್ತರ ಬಂತು ಎಂದಷ್ಟೇ ತಿಳಿಯುತ್ತದೆ. ಎರಡನ್ನೂ ಬರೆಯುವವರೇ ಪರೀಕ್ಷಿಸಬೇಕು. ತಲುಪಿಲ್ಲ, ಮತ್ತೆ ಪ್ರಯತ್ನಿಸಿ, ನೀವು ತುಂಬಿದ್ದು ಇಲ್ಲೇ ಇದೆ ಎಂದು ಕನ್ನಡದಲ್ಲಿ ಒಂದು ಸಾಲು ಬಂದಿದ್ದರೆ ಆ ರಾತ್ರಿ ಅಮ್ಮಿ ಅಷ್ಟು ಗಾಬರಿಪಡುತ್ತಿರಲಿಲ್ಲ.

ಮತ್ತೆ ಪ್ರಯತ್ನಿಸಿ ಎನ್ನುವುದರಲ್ಲೂ ಲೆಕ್ಕವಿದೆ. ಹಾಜರಾತಿಯನ್ನು ಹತ್ತು ಸಲ ಕೇಳಿದರೂ ನಷ್ಟವಿಲ್ಲ. ಶುಲ್ಕ ಕಟ್ಟುವ ಕೋರಿಕೆ ಎರಡು ಸಲ ಹೋದರೆ? ಅಕೌಂಟೆನ್ಸಿಯಲ್ಲಿ ವೋಚರಿಗೆ ನಂಬರ್ ಇರುತ್ತದೆ, ಅದೇ ನಂಬರ್ ಮತ್ತೆ ಬಂದರೆ ಗುಮಾಸ್ತರು ಹಿಡಿಯುತ್ತಾರೆ. ಹಾಗೆಯೇ ಪ್ರತಿ ಪಾವತಿಯ ಕೋರಿಕೆಗೂ ಒಂದು ಗುರುತಿನ ಸಂಖ್ಯೆ ಅಂಟಿಸಿ ಕಳುಹಿಸಬೇಕು. ಇನ್ನೊಂದು ಎಡವಟ್ಟು, ಸೋಮವಾರ ಒತ್ತಿ ತಕ್ಷಣ ಮಂಗಳವಾರ ಒತ್ತಿದಾಗ ಸೋಮವಾರದ ಉತ್ತರ ತಡವಾಗಿ ಬಂದು ಕೂರುವುದು. ಮೇಲೆ ಮಂಗಳವಾರ ಎಂದಿರುತ್ತದೆ, ಕೆಳಗೆ ಸೋಮವಾರದ ಪರೀಕ್ಷಾ ಕೊಠಡಿ! ಹಳೆಯ ಕೋರಿಕೆಯನ್ನು ರದ್ದು ಮಾಡಲು 'ಅಬಾರ್ಟ್ ಕಂಟ್ರೋಲರ್' ಇದೆ, ಬಳಸಿದರಾಯಿತು.

ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ. ಪುಟವನ್ನು ಲ್ಯಾಬ್‌ನ ಕಂಪ್ಯೂಟರಿನಲ್ಲಿ ಮಾತ್ರ ತೋರಿಸಿ ಪ್ರಾಂಶುಪಾಲರ ಒಪ್ಪಿಗೆ ಪಡೆಯಬೇಡಿ. ನೆಟ್‌ವರ್ಕ್ ನಿಧಾನವಾದರೆ ಹೇಗಿರುತ್ತದೆ ಎಂದು ನೋಡುವ ಸೌಲಭ್ಯ ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲೇ ಇದೆ. ಅದನ್ನು ಹಾಕಿ ನೋಡಿ. ಆಮೇಲೆ ನಮ್ಮ ತರಗತಿಯ ಅತಿ ಹಳೆಯ ಫೋನ್ ಯಾರ ಬಳಿ ಇದೆ ಎಂದು ಕೇಳಿ, ಅದರಲ್ಲಿ ಊಟದ ವಿರಾಮದ ಹೊತ್ತು ಎಲ್ಲರೂ ಫೋನ್ ಹಿಡಿದಿರುವಾಗ ತೆರೆದು ನೋಡಿ. ಬೇಕಿದ್ದರೆ ನಾನೂ ಜೊತೆಗೆ ಕೂರುತ್ತೇನೆ.