ಕಾಡಿನಂಚಿನ ಹಿತ್ತಲು

ಬೋರಿವಲಿ, ಮುಲುಂಡ, ಠಾಣೆಗಳಲ್ಲಿ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿಗೆ ಹಿತ್ತಲುಳ್ಳ ಮನೆ ಮಾಡಿಕೊಂಡಿರುವ ವಾಚಕರಿಗೆ ಈ ಸಲದ ನಾಲ್ಕು ಮಾತು. ಅಂಥ ಹಿತ್ತಲಿಗೆ ಹಣಕ್ಕಿಂತ ವಿವೇಕ ಹೆಚ್ಚು ಬೇಕು.

ಮೊದಲು ಕೂರುವ ಕಟ್ಟೆ. ಹತ್ತಡಿಗೆ ಎಂಟಡಿ ಜಾಗ ಒಂದು ಸಂಸಾರಕ್ಕೆ ಧಾರಾಳ. ನೆಲವನ್ನು ಆರಂಗುಲ ಅಗೆದು, ನಾಲ್ಕಂಗುಲ ಜಲ್ಲಿ ಹಾಕಿ ದಮ್ಮಸು ಮಾಡಿ, ಮೇಲೆ ಅಂಗುಲ ಮರಳು ಹರಡಿ ಶಹಾಬಾದಿನ ಕಲ್ಲು ಹಾಸಿರಿ. ನಮ್ಮ ಕಲಬುರಗಿ ಸೀಮೆಯ ಈ ಕಲ್ಲು ಮುಂಬಯಿಯಲ್ಲಿ ಸುಲಭವಾಗಿ ದೊರೆಯುತ್ತದೆ. ನಯಮಾಡಿದ್ದು ಬೇಡ, ಮಳೆಗಾಲದಲ್ಲಿ ಜಾರುತ್ತದೆ. ಎಂಟಡಿಗೆ ಎರಡಂಗುಲದಂತೆ ಮನೆಯಿಂದ ಹೊರಕ್ಕೆ ಇಳಿಜಾರಿರಲಿ. ಸಂದುಗಳಿಗೆ ಸಿಮೆಂಟಿನ ಬದಲು ಮರಳು ತುಂಬಿದರೆ ನೀರು ಇಂಗುತ್ತದೆ.

ಇನ್ನು ಗಿಡಗಳು. ಮರದ ನೆರಳಿನಲ್ಲಿ ಗುಲಾಬಿ ಸೊರಗುತ್ತದೆ. ಕರಿಬೇವು, ಆಡುಸೋಗೆ, ಕೇಪಳಗಳಿಗೆ ಅರೆನೆರಳು ಒಗ್ಗುತ್ತದೆ. ಲಂಟಾನ ಮಾತ್ರ ಖಂಡಿತ ಕೂಡದು. ಅಮೆರಿಕದ ಉಷ್ಣವಲಯದಿಂದ ತೋಟದ ಅಲಂಕಾರಕ್ಕೆಂದು ತಂದ ಗಿಡವದು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಇಂದು ನಮ್ಮ ಬಂಡೀಪುರದಲ್ಲಿಯೂ ಜಿಂಕೆಗಳ ಹುಲ್ಲನ್ನು ಅದು ಅಡಗಿಸಿದೆ. ಹಿತ್ತಲಿನ ಶೋಕಿ ಕಾಡಿಗೆ ಕಂಟಕವಾದದ್ದು ಹೀಗೆ.

ಕಾಡಿನ ಕಡೆಗೆ ಆರಡಿ ನೆಲವನ್ನು ಪೊದೆಯಿಲ್ಲದೆ ಬಯಲಾಗಿಡಿರಿ. ಹಾವು ಹುಪ್ಪಟೆ ಕಣ್ಣಿಗೆ ಬೀಳುತ್ತವೆ. ಅಲ್ಲಿ ಎಂಜಲು ಚೆಲ್ಲಲೇಬೇಡಿರಿ. ಎಂಜಲಿಗೆ ನಾಯಿ ಬರುತ್ತದೆ, ನಾಯಿಯ ಆಸೆಗೆ ಚಿರತೆ ಬರುತ್ತದೆ. ಆ ಕಾಡಿನಲ್ಲಿ ಚಿರತೆಗಳು ಉಂಟು. ಸಂಜೆಯ ಕಾಫಿ ಕಟ್ಟೆಯ ಮೇಲೆ ಆಗಲಿ. ದೀಪ ಹಚ್ಚುವ ಹೊತ್ತಿಗೆ ಮಕ್ಕಳು ಮನೆಯೊಳಗಿರಲಿ.