ಬರಿದಾಗಿ ಉಳಿದ ಹೆಸರು

ಊರಿಗೆ ಹೊರಟ ಯಜಮಾನರೊಬ್ಬರು ಆಳಿಗೆ ಚೀಟಿ ಬರೆದಿಟ್ಟರೆಂದು ಭಾವಿಸೋಣ: “ಮನೆಯ ........ ಸಾಮಾನನ್ನೆಲ್ಲ ಹೊರಗೆ ಹಾಕು.” ನಡುವೆ ‘ಹಿತ್ತಿಲ ಕೋಣೆಯ’ ಎಂದು ತುಂಬಬೇಕಾಗಿತ್ತು, ಮರೆತುಹೋಯಿತು. ವಿವೇಕವುಳ್ಳ ಆಳಾದರೆ ಯಜಮಾನರು ಮರಳುವವರೆಗೆ ಕಾಯುವನು. ಕಂಪ್ಯೂಟರಿನಲ್ಲಿರುವ ‘ಶೆಲ್’ ಎಂಬ ಆಳು ಕಾಯುವುದಿಲ್ಲ.

ಯೂನಿಕ್ಸ್, ಲಿನಕ್ಸ್ ವ್ಯವಸ್ಥೆಗಳಲ್ಲಿ ಒಡೆಯನ ಅಪ್ಪಣೆಗಳನ್ನು ಓದಿ ನಡೆಸುವುದೇ ಶೆಲ್ಲಿನ ಕೆಲಸ. ಅಪ್ಪಣೆಗಳನ್ನು ಸಾಲುಸಾಲಾಗಿ ಒಂದು ಸಾದಾ ಕಡತದಲ್ಲಿ ಬರೆದಿಟ್ಟರೆ ಅದು ‘ಶೆಲ್ ಸ್ಕ್ರಿಪ್ಟ್’. ಪದೇ ಪದೇ ಬೇಕಾಗುವ ಸ್ಥಳವನ್ನೋ ಹೆಸರನ್ನೋ ಒಂದು ‘ಚರ’ದಲ್ಲಿ ಇರಿಸಿ, ಬೇಕಾದೆಡೆ ಡಾಲರ್ ಚಿಹ್ನೆಯೊಡನೆ ಅದನ್ನು ಕರೆಯುವುದು ವಾಡಿಕೆ. ಮುಂದೆ ಸ್ಥಳ ಬದಲಾದರೆ ಕಡತದಲ್ಲಿ ಒಂದೇ ಸಾಲನ್ನು ತಿದ್ದಿದರಾಯಿತು. ಇದು ಬಲು ಅನುಕೂಲ. ಆದರೆ ಚರದಲ್ಲಿ ಏನೂ ಇಲ್ಲದಿದ್ದರೆ ಶೆಲ್ ಆ ಜಾಗವನ್ನು ಬರಿದಾಗಿಯೇ ಬಿಟ್ಟು, ಉಳಿದ ಅಪ್ಪಣೆಯನ್ನು ನಡೆಸಿಬಿಡುತ್ತದೆ.

2015ರ ಜನವರಿಯಲ್ಲಿ ಇದರ ಫಲ ಬೆಳಕಿಗೆ ಬಂದಿತು. ವಾಲ್ವ್ ಸಂಸ್ಥೆಯ ‘ಸ್ಟೀಮ್’ ಎಂಬ ಆಟಗಳ ತಂತ್ರಾಂಶವನ್ನು ಲಿನಕ್ಸಿನಲ್ಲಿ ಬಳಸುತ್ತಿದ್ದವರೊಬ್ಬರು ಅದರ ಕೋಶವನ್ನು ಬೇರೆಡೆಗೆ ಸಾಗಿಸಿದ್ದರು. ಸ್ಟೀಮಿನ ಸ್ಕ್ರಿಪ್ಟಿನಲ್ಲಿ “ಈ ಚರದಲ್ಲಿರುವ ಸ್ಥಳ, ಓರೆಗೆರೆ, ಅದರೊಳಗಿನ ಸಮಸ್ತ: ಅಳಿಸು” ಎಂಬ ಅರ್ಥದ ಸಾಲೊಂದಿತ್ತು. ಸ್ಥಳ ಸಿಕ್ಕದೆ ಚರ ಬರಿದಾಯಿತು. ಓರೆಗೆರೆ ಮಾತ್ರ ಉಳಿಯಿತು. ಲಿನಕ್ಸಿನಲ್ಲಿ ಒಂಟಿ ಓರೆಗೆರೆಯೆಂದರೆ ಇಡೀ ವ್ಯವಸ್ಥೆಯ ಬುಡ! ವ್ಯವಸ್ಥೆಯ ಸ್ವಂತ ಕಡತಗಳನ್ನು ಮುಟ್ಟಲು ಸಾಮಾನ್ಯ ಬಳಕೆದಾರನಿಗೆ ಅಧಿಕಾರವಿಲ್ಲವಾಗಿ ಅವು ಉಳಿದವು. ಆತನದೇ ಆದ ಕಡತಗಳು ಹೋದವು. ಆಪತ್ಕಾಲಕ್ಕೆಂದು ಪ್ರತಿಗಳನ್ನು ಕೂಡಿಟ್ಟಿದ್ದ ಹೊರಗಿನ ಡಿಸ್ಕೂ, ಆ ಹೊತ್ತಿನಲ್ಲಿ ಜೋಡಿಸಿದ್ದುದರಿಂದ, ಬರಿದಾಯಿತು.

ಪರಿಹಾರವೇನೂ ದೊಡ್ಡದಲ್ಲ. ‘ಸೆಟ್’ ಎಂಬ ಅಪ್ಪಣೆಗೆ ‘ಯು’ ಗುರುತು ಸೇರಿಸಿ ಸ್ಕ್ರಿಪ್ಟಿನ ಮೊದಲಿಗೆ ಬರೆದರೆ, ಹೆಸರೇ ಇಡದ ಚರ ಎದುರಾದಾಗ ಶೆಲ್ ನಿಂತುಬಿಡುತ್ತದೆ. ಹೆಸರಿದ್ದೂ ಒಳಗೆ ಬರಿದಾದ ಚರಕ್ಕೆ ಇದು ಸಾಲದು. ಪುಷ್ಪಾವರಣದೊಳಗೆ ಚರದ ಹೆಸರಿನ ಬೆನ್ನಿಗೆ ಕೋಲನ್ ಮತ್ತು ಪ್ರಶ್ನಾರ್ಥಕ ಚಿಹ್ನೆಯನ್ನು ಬರೆದರೆ ಆ ಕಂಡಿಯೂ ಮುಚ್ಚುತ್ತದೆ.

ಸ್ಟೀಮಿನ ಆ ಸಾಲಿನ ಬಳಿಯಲ್ಲಿಯೇ, ಬರೆದವನು ‘ಭಯಂಕರ!’ ಎಂಬರ್ಥದ ಇಂಗ್ಲಿಷ್ ಟಿಪ್ಪಣಿಯನ್ನೂ ಹಾಕಿದ್ದನು. ಅಪಾಯ ಅವನಿಗೆ ತಿಳಿಯದೆ ಇರಲಿಲ್ಲ. ಕಳ್ಳರ ಭಯವಿದೆಯೆಂದು ಬಾಗಿಲ ಮೇಲೆ ಬರೆದಿಟ್ಟರೆ ಸಾಲದು, ಅಗುಳಿಯನ್ನೂ ಹಾಕಬೇಕು.