ನಮ್ಮ ಷೇರು, ಯಾರದೋ ಸಾಲಕ್ಕೆ ಅಡವು

ಘಾಟ್ಕೋಪರ್ ಪೂರ್ವದಲ್ಲಿ ಸ್ಟೇಷನ್ನಿನಿಂದ ಹೊರಬಂದರೆ ಷೇರು ಬ್ರೋಕರರ ಬೋರ್ಡುಗಳಿಗೆ ಬರವಿಲ್ಲ. ಹೋಟೆಲು, ಬ್ಯಾಂಕು, ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ನಮ್ಮವರು ಕೂಡ ಪಿಎಫ್, ಗ್ರಾಚ್ಯುಟಿಯ ಒಂದು ಪಾಲನ್ನು ಇಂಥ ಕಚೇರಿಗಳ ಮೂಲಕ ಷೇರಿಗೆ ಹಾಕಿದ್ದಾರೆ. 'ಪರಿಚಯದವರು, ಹದಿನೈದು ವರ್ಷದ ಒಡನಾಟ' ಎಂಬ ಭರವಸೆಯೇ ಅಲ್ಲಿ ದೊಡ್ಡ ದಾಖಲೆ. ಆದರೆ ಪರಿಚಯ ಇರುವುದು ಕೌಂಟರಿನ ಹಿಂದೆ ಕುಳಿತವರದು. ಷೇರು ಇರುವುದು ಇನ್ನೆಲ್ಲೋ. ಈ ಎರಡರ ನಡುವಿನ ಅಂತರದಲ್ಲಿ ಏನಾಗಬಹುದು ಎಂಬುದನ್ನು ತಿಳಿಯಲು ಕಾರ್ವಿ ಪ್ರಕರಣವನ್ನು ಮತ್ತೊಮ್ಮೆ ನೋಡುವುದು ಒಳ್ಳೆಯದು.

ಹೈದರಾಬಾದಿನ ಕಾರ್ವಿ ಸ್ಟಾಕ್ ಬ್ರೋಕಿಂಗ್ ದೇಶದ ದೊಡ್ಡ ಬ್ರೋಕರ್ ಸಂಸ್ಥೆಗಳಲ್ಲಿ ಒಂದಾಗಿತ್ತು. ಖಾತೆ ತೆರೆಯುವಾಗ ಗ್ರಾಹಕರು ಪವರ್ ಆಫ್ ಅಟಾರ್ನಿಗೆ ಸಹಿ ಹಾಕುತ್ತಿದ್ದರು. ಷೇರು ಮಾರಿದಾಗ ಅದನ್ನು ಖಾತೆಯಿಂದ ತೆಗೆದು ಒಪ್ಪಿಸಲು ಬ್ರೋಕರಿಗೆ ಕೊಟ್ಟ ಅಧಿಕಾರವದು. ಆ ಅಧಿಕಾರವನ್ನು ದುರುಪಯೋಗ ಮಾಡಿ, ಗ್ರಾಹಕರ ಷೇರುಗಳನ್ನು ತನ್ನ ಹೆಸರಿನ ಡಿಮ್ಯಾಟ್ ಖಾತೆಗೆ ಸಾಗಿಸಿ, ಬ್ಯಾಂಕುಗಳಲ್ಲಿ ಒತ್ತೆ ಇಟ್ಟು ಸಂಸ್ಥೆ ತನಗಾಗಿ ಸಾಲ ಎತ್ತಿತು. ಮನೆಯ ಚಿನ್ನವನ್ನು ಕಾಯಲು ಕೊಟ್ಟರೆ, ಕಾಯುವವನೇ ಅದನ್ನು ತನ್ನ ಹೆಸರಿನಲ್ಲಿ ಅಡವಿಟ್ಟ ಹಾಗೆ. 2016ರ ಏಪ್ರಿಲ್‌ನಿಂದ 2019ರ ಅಕ್ಟೋಬರ್ ನಡುವೆ ರೂ. 1,096 ಕೋಟಿ ಕಾರ್ವಿ ರಿಯಾಲ್ಟಿಗೆ ಹೋಗಿತ್ತೆಂದು ಎನ್‌ಎಸ್‌ಇಯ ಪ್ರಾಥಮಿಕ ವರದಿ ಹೇಳಿತು.

ಸೆಬಿ 2019ರ ನವೆಂಬರ್ 22ರಂದು ಮಧ್ಯಂತರ ಆದೇಶ ಹೊರಡಿಸಿ, ಕಾರ್ವಿ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳುವಂತಿಲ್ಲ, ಪವರ್ ಆಫ್ ಅಟಾರ್ನಿ ಬಳಸುವಂತಿಲ್ಲ ಎಂದಿತು. ಹತ್ತೇ ದಿನಗಳಲ್ಲಿ ಸುಮಾರು 83 ಸಾವಿರ ಗ್ರಾಹಕರ ಷೇರುಗಳು ಅವರವರ ಖಾತೆಗೆ ಮರಳಿದವು. ಇದು ಸೆಬಿಯ ಹೆಗ್ಗಳಿಕೆಯೇ ಸರಿ. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. 2020ರ ನವೆಂಬರ್‌ನಲ್ಲಿ ಎನ್‌ಎಸ್‌ಇ ಕಾರ್ವಿಯನ್ನು ಬಾಕಿದಾರ ಎಂದು ಘೋಷಿಸಿತು. 2021ರ ಆಗಸ್ಟ್‌ನಲ್ಲಿ ಅಧ್ಯಕ್ಷ ಸಿ. ಪಾರ್ಥಸಾರಥಿ ಅವರ ಬಂಧನವಾಯಿತು. ಸಂಸ್ಥೆಯನ್ನೂ ಅವರನ್ನೂ 7 ವರ್ಷ ಮಾರುಕಟ್ಟೆಯಿಂದ ಹೊರಗಿಟ್ಟು ದಂಡ ವಿಧಿಸಿದ ಅಂತಿಮ ಆದೇಶ ಬಂದದ್ದು 2023ರ ಏಪ್ರಿಲ್‌ನಲ್ಲಿ. ಹಣ ಹೊರಹೋಗಲು ಮೂರೂವರೆ ವರ್ಷ, ಶಿಕ್ಷೆಯ ಆದೇಶ ಬರಲು ಮತ್ತೆ ಮೂರೂವರೆ ವರ್ಷ. ಅರವತ್ತೈದು ದಾಟಿದ ಹೂಡಿಕೆದಾರನಿಗೆ ಏಳು ವರ್ಷವೆಂದರೆ ಸಣ್ಣ ಅವಧಿಯಲ್ಲ.

ಕಾನೂನು ಇರಲಿಲ್ಲವೇ? ಇತ್ತು. ಗ್ರಾಹಕರ ಹಣ, ಷೇರುಗಳನ್ನು ಬೇರೆಯಾಗಿಡಬೇಕೆಂದು ಸೆಬಿ 2016ರ ಸೆಪ್ಟೆಂಬರ್‌ನಲ್ಲೇ ವಿವರವಾದ ಸುತ್ತೋಲೆ ಹೊರಡಿಸಿತ್ತು. 2019ರ ಜೂನ್‌ನಲ್ಲಿ ಮತ್ತೊಂದನ್ನು. ನಿಯಮ ಪಾಲನೆಯೆಂದರೆ ಫೈಲಿನಲ್ಲಿ ಕಾಗದ ಸೇರಿಸುವುದು ಎಂದು ಸಂಸ್ಥೆ ತಿಳಿದರೆ ಸುತ್ತೋಲೆ ಏನು ಮಾಡೀತು? ಹೀಗಾಗಿ ಕಾರ್ವಿಯ ನಂತರ ಸೆಬಿ ದಾರಿಯನ್ನೇ ಬದಲಿಸಿತು. 2020ರ ಸೆಪ್ಟೆಂಬರ್‌ನಿಂದ, ಮಾರ್ಜಿನ್‌ಗಾಗಿ ಕೊಡುವ ಷೇರು ಗ್ರಾಹಕನ ಖಾತೆಯಲ್ಲೇ ಉಳಿಯುತ್ತದೆ; ಒತ್ತೆಗೆ ಗ್ರಾಹಕನೇ ಒಟಿಪಿ ಮೂಲಕ ಒಪ್ಪಿಗೆ ಕೊಡಬೇಕು. 2022ರಲ್ಲಿ ಪವರ್ ಆಫ್ ಅಟಾರ್ನಿಯ ಜಾಗದಲ್ಲಿ ಸೀಮಿತ ಅಧಿಕಾರದ ಡಿಡಿಪಿಐ ಪತ್ರ ಬಂತು. ಕೊಂಡ ಷೇರು ಬ್ರೋಕರನ ಖಾತೆಯಲ್ಲಿ ತಂಗದೆ ನೇರವಾಗಿ ಗ್ರಾಹಕನ ಡಿಮ್ಯಾಟ್‌ಗೆ ಹೋಗಬೇಕೆಂದು 2024ರಲ್ಲಿ ಸುತ್ತೋಲೆಯಾಯಿತು.

ಇಷ್ಟಾದರೂ ಒಂದು ಬಾಗಿಲು ತೆರೆದೇ ಇದೆ. ಅದರ ಕೀಲಿ ನಮ್ಮ ಮೊಬೈಲಿನಲ್ಲಿದೆ. ಒಟಿಪಿ ಬಂದೊಡನೆ 'ನೀವೇ ನೋಡಿಕೊಳ್ಳಿ' ಎಂದು ಏಜೆಂಟರಿಗೆ ಓದಿ ಹೇಳಿದರೆ ಈ ಸುಧಾರಣೆಗಳೆಲ್ಲ ನೀರಿನಲ್ಲಿ ಹೋಮ. ಬರುವ ಎಸ್‌ಎಂಎಸ್‌ಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ. ರಾತ್ರಿಶಾಲೆಯಲ್ಲಿ ಕನ್ನಡ ಓದಿ ಮುಂಬಯಿಯಲ್ಲಿ ಬದುಕು ಕಟ್ಟಿದ ಹಿರಿಯರು ಅವನ್ನು ತೆರೆಯದೆಯೇ ಬಿಡುತ್ತಾರೆ. ಇಲ್ಲಿ ಮಕ್ಕಳ ಕೆಲಸವಿದೆ. ತಿಂಗಳಿಗೊಮ್ಮೆ ಅಪ್ಪನ ಪಕ್ಕ ಕುಳಿತು, ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಕಳಿಸುವ ಸ್ಟೇಟ್‌ಮೆಂಟನ್ನು ಬ್ರೋಕರಿನ ಲೆಕ್ಕದೊಡನೆ ತಾಳೆ ನೋಡಿ. ಬ್ರೋಕರ್ ಕೊಟ್ಟ ಕಾಗದವೊಂದನ್ನೇ ನಂಬಬೇಡಿ. ಷೇರು ನಿಜಕ್ಕೂ ಖಾತೆಯಲ್ಲಿದೆಯೇ ಎಂದು ಹೇಳಬಲ್ಲದ್ದು ಡಿಪಾಸಿಟರಿಯ ದಾಖಲೆ.

ಇನ್ನೊಂದು ಮಾತು. 'ಸಬ್ ಬ್ರೋಕರ್' ಎಂಬ ವರ್ಗವನ್ನು ಸೆಬಿ 2019ರ ಮಾರ್ಚ್‌ಗೆ ಕೊನೆಗೊಳಿಸಿದೆ. ಈಗ ಇರುವವರು 'ಅಧಿಕೃತ ವ್ಯಕ್ತಿ'ಗಳು. ಅವರು ತಮ್ಮ ಹೆಸರಿಗೆ ನಿಮ್ಮಿಂದ ಹಣ ಅಥವಾ ಷೇರು ಪಡೆಯುವಂತಿಲ್ಲ. ಅವರ ಸ್ವಂತ ಖಾತೆಗೆ ಜಿಪೇ ಮಾಡಿ ಎಂದರೆ ಅಲ್ಲಿಗೇ ನಿಲ್ಲಿ. ತಿಂಗಳಿಗೆ ಇಂತಿಷ್ಟು ಖಚಿತ ಲಾಭ ಎಂದರೂ ಅಷ್ಟೇ: ಷೇರುಪೇಟೆಯಲ್ಲಿ ಖಚಿತ ಲಾಭದ ಭರವಸೆ ಕೊಡಲು ಯಾವ ಬ್ರೋಕರಿಗೂ ಅವಕಾಶವಿಲ್ಲ.

ಸಂಶಯ ಬಂದರೆ ಮೊದಲು ಬ್ರೋಕರಿಗೆ ಲಿಖಿತ ದೂರು ಕೊಡಿ. ಅಲ್ಲಿ ಬಗೆಹರಿಯದಿದ್ದರೆ ಸೆಬಿಯ ಸ್ಕೋರ್ಸ್ ತಾಣವಿದೆ. ಸಂಸ್ಥೆ 21 ದಿನಗಳೊಳಗೆ ಉತ್ತರಿಸಬೇಕು. ಸಂಕೋಚ ಬೇಡ, 'ಪರಿಚಯದವರು ಬೇಸರ ಮಾಡಿಕೊಂಡಾರು' ಎಂಬ ದಾಕ್ಷಿಣ್ಯವೂ ಬೇಡ. ಸರಿಯಾಗಿ ನಡೆಯುವ ಬ್ರೋಕರ್ ಲೆಕ್ಕ ಕೇಳಿದ ಗ್ರಾಹಕನ ಮೇಲೆ ಸಿಟ್ಟಾಗುವುದಿಲ್ಲ. ಸಿಟ್ಟಾದರೆ, ಲೆಕ್ಕವನ್ನು ಇನ್ನೊಮ್ಮೆ ನೋಡಲು ಅದೇ ಸಾಕಾದ ಕಾರಣ.